ಲಾಕ್ ಹಾಕಿದ ಫೈಲನ್ನೂ ಬೇರೆಯವರು ಬದಲಿಸಿಬಿಟ್ಟರು: ಹಾಗಾದರೆ ಈ ಲಾಕ್ ಯಾಕೆ?

ಪ್ರಶ್ನೆ: ಸರ್, ನಾನು ಪೀಣ್ಯದಲ್ಲಿ ಪ್ರೆಸ್ ಟೂಲ್ ಮತ್ತು ಫಿಕ್ಸ್ಚರ್ ಮಾಡುವ ಒಂದು ಕಂಪನಿಯಲ್ಲಿ ಡಿಸೈನರ್. ನಾವು 8 ಜನ ಇದ್ದೇವೆ. ಸಾಲಿಡ್‌ವರ್ಕ್ಸ್ (3ಡಿ ಡಿಸೈನ್ ಸಾಫ್ಟ್‌ವೇರ್) ಫೈಲುಗಳನ್ನು ಸಬ್‌ವರ್ಷನ್ (ಫೈಲಿನ ಪ್ರತಿ ಆವೃತ್ತಿಯನ್ನೂ ಕಾದಿಡುವ ಸಾಫ್ಟ್‌ವೇರ್) ಸರ್ವರಿನಲ್ಲಿ ಇಡುತ್ತೇವೆ, ನಮ್ಮ ಮಷೀನುಗಳಿಂದ ಅದನ್ನು ಬಳಸಲು ಟಾರ್ಟಾಯ್ಸ್ ಎಸ್‌ವಿಎನ್ ಇದೆ. ಹೋದ ತಿಂಗಳು ಒಂದು ಡೈನ ಪಾರ್ಟ್ ಫೈಲಿಗೆ ಲಾಕ್ ಹಾಕಿ ಎರಡು ದಿನ ಕೆಲಸ ಮಾಡಿದೆ. ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ಸರ್ವರಿಗೆ ಸೇರಿಸಲು, ಹೋದರೆ ಆಗಲಿಲ್ಲ. ನೋಡಿದರೆ ಸಹೋದ್ಯೋಗಿಯೊಬ್ಬ ನನ್ನ ಲಾಕ್ ಕಿತ್ತುಕೊಂಡು ತನ್ನ ಬದಲಾವಣೆ ಸೇರಿಸಿದ್ದ. ಕಸ್ಟಮರ್ ಅರ್ಜೆಂಟ್ ಅಂದಿದ್ದರಂತೆ. ಇದಕ್ಕೂ ಮುಂಚೆ ಇನ್ನೊಬ್ಬರು ಅಸೆಂಬ್ಲಿ ಫೈಲಿಗೆ ಲಾಕ್ ಹಾಕಿ ಮದುವೆಗೆ ಅಂತ ಊರಿಗೆ ಹೋಗಿ, ನಾವೆಲ್ಲ ಕೈಕಟ್ಟಿ ಕೂತಿದ್ದೆವು. ನಮ್ಮ ಮ್ಯಾನೇಜರ್ "ಮುರಿಯೋಕೆ ಆಗುತ್ತೆ ಅಂದ್ರೆ ಅದು ಲಾಕೇ ಅಲ್ಲ" ಅನ್ನುತ್ತಾರೆ. ಸಾಫ್ಟ್‌ವೇರ್ ಟೀಮಿನವರು ಗಿಟ್‌ಗೆ (ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್) ಬನ್ನಿ ಅನ್ನುತ್ತಾರೆ. ಸಬ್‌ವರ್ಷನ್‌ನ ಲಾಕ್ ಬರೀ ಸೂಚನೆಯಾ, ಕಡ್ಡಾಯವಾ? ಯಾರೂ ಮುರಿಯಲಾಗದ ಲಾಕ್ ಎಲ್ಲಿ ಸಿಗುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರು ಇವೆ. ಒಂದರಲ್ಲಿ ಲಾಕ್ ತೀರಾ ಸಡಿಲ, ಇನ್ನೊಂದರಲ್ಲಿ ತೀರಾ ಬಿಗಿ. ಯಾರೂ ಮುರಿಯಲಾಗದ ಲಾಕ್ ತಂದರೆ ಮೊದಲನೆಯದು ಹೋಗಬಹುದು, ಎರಡನೆಯದು ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೇ ಮೊದಲು ಲಾಕ್ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು ನೋಡೋಣ. ನಿಮ್ಮ ಎರಡು ದಿನ ಹಾಳಾಗಿದ್ದು ಅಲ್ಲೇ.

ಸೂಚನೆಯ ಲಾಕ್ ಎಂದರೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಎಸೆದ ಹಾಗೆ. ಜನ ಒಪ್ಪಿದರೆ ಸೀಟು ನಿಮ್ಮದು. ಯಾರಾದರೂ ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೂತರೆ ಕಂಡಕ್ಟರ್ ತಲೆ ಹಾಕುವುದಿಲ್ಲ. ಕಡ್ಡಾಯ ಲಾಕ್‌ನಲ್ಲಿ ಸರ್ವರೇ ತಡೆಯುತ್ತದೆ. ಲಾಕ್ ನಿಮ್ಮ ಹೆಸರಿನಲ್ಲಿರುವಷ್ಟು ಹೊತ್ತು ಬೇರೆಯವರ ಕಮಿಟ್ ಒಳಗೆ ಹೋಗುವುದಿಲ್ಲ.

ಈ ಲೆಕ್ಕದಲ್ಲಿ ಸಬ್‌ವರ್ಷನ್‌ನ ಲಾಕ್ ಕಡ್ಡಾಯದ್ದೇ. ನೀವು ಲಾಕ್ ಹಾಕಿದಾಗ ಸರ್ವರ್ ಒಂದು ಟೋಕನ್ ಕೊಡುತ್ತದೆ. ಅದು ನೀವು ಕೆಲಸ ಮಾಡುತ್ತಿರುವ ಆ ಫೋಲ್ಡರಿನ ಪ್ರತಿಯಲ್ಲೇ ಕೂತಿರುತ್ತದೆ. ಕಮಿಟ್ ಮಾಡುವಾಗ ಆ ಟೋಕನ್ ತೋರಿಸಬೇಕು. ಇಲ್ಲದವರನ್ನು ಸರ್ವರ್ ವಾಪಸ್ ಕಳಿಸುತ್ತದೆ. ನೀವೇ ಆಫೀಸಿನ ಮಷೀನಿನಲ್ಲಿ ಲಾಕ್ ಹಾಕಿ ಮನೆಯ ಲ್ಯಾಪ್‌ಟಾಪಿನಿಂದ ಕಮಿಟ್ ಮಾಡಲು ಹೋದರೂ ಅಷ್ಟೇ. ಹೆಸರು ನಿಮ್ಮದೇ ಆದರೂ ಟೋಕನ್ ಅಲ್ಲಿಲ್ಲವಲ್ಲ.

ಆದರೆ ಈ ಕಡ್ಡಾಯ ಜಾರಿಗೆ ಬರುವುದು ಕಮಿಟ್ ಹೊತ್ತಿನಲ್ಲಿ. ನೀವು ಲಾಕ್ ಹಾಕಿದ್ದೀರಿ ಅಂತ ನಿಮ್ಮ ಸಹೋದ್ಯೋಗಿಯ ಕಂಪ್ಯೂಟರಿಗೆ ತಾನಾಗಿ ಗೊತ್ತಾಗುವುದಿಲ್ಲ. ಅವರು ಫೈಲ್ ತೆರೆದರು, ತೂತಿನ ಜಾಗ ಸರಿಸಿದರು, ಸೇವ್ ಮಾಡಿದರು. ಅಷ್ಟರವರೆಗೆ ಯಾರೂ ತಡೆಯಲಿಲ್ಲ. ಕೊನೆಗೆ ಕಮಿಟ್ ಒತ್ತಿದಾಗ "ಇದಕ್ಕೆ ಇಂಥವರ ಲಾಕ್ ಇದೆ" ಅಂತ ಬಂತು. ಆಗ ಅವರ ಕೈಯಲ್ಲೂ ಅರ್ಧ ದಿನದ ಕೆಲಸ ಇದೆ, ಆಚೆ ಕಸ್ಟಮರ್ ಫೋನಿನ ಮೇಲೆ ಫೋನು. ಟಾರ್ಟಾಯ್ಸ್‌ನ ಲಾಕ್ ಕಿಟಕಿಯಲ್ಲಿ "ಲಾಕ್ ಕಿತ್ತುಕೊಳ್ಳಿ" ಅನ್ನುವ ಒಂದು ಚಿಕ್ಕ ಟಿಕ್ ಗುರುತು ಇದೆ. ಒತ್ತಿಬಿಟ್ಟರು. ನಿಮ್ಮ ಕಡೆ ಅದೇ ಗಳಿಗೆಯಲ್ಲಿ ಟೋಕನ್ ಸತ್ತುಹೋಯಿತು, ಆದರೆ ನಿಮಗೆ ಯಾರೂ ಹೇಳಲಿಲ್ಲ. ನೀವು ಕಮಿಟ್ ಮಾಡಲು ಹೋದಾಗಲೇ ಗೊತ್ತಾಗಿದ್ದು.

ನಿಮ್ಮ ಆಫೀಸಿನಲ್ಲಿ ಹೀಗೇ ಆಗಿರಬೇಕು ಅನ್ನುವುದು ನನ್ನ ಅಂದಾಜು. ಲಾಕ್ ಕಿತ್ತುಕೊಂಡವರನ್ನು ನಾನು ಕೇಳಿದಾಗಲೆಲ್ಲ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಕೆಲಸ ಮುಗಿದ ಮೇಲೆ ಗೊತ್ತಾಯಿತು ಸರ್. ಕೆಲಸ ಶುರು ಮಾಡುವ ಮುಂಚೆಯೇ ಗೊತ್ತಾಗಿದ್ದರೆ ಬಹಳಷ್ಟು ಜನ ಎದ್ದು ಬಂದು "ಯಾವಾಗ ಬಿಡ್ತೀರಿ?" ಅಂತ ಕೇಳುತ್ತಾರೆ.

ಆ ಮುಂಚೆ ಗೊತ್ತಾಗುವ ಭಾಗ ಸಬ್‌ವರ್ಷನ್‌ನಲ್ಲಿ ಬೇರೆಯೇ ಇದೆ. 2004ರಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಲಾಕ್ ಇರಲೇ ಇಲ್ಲ. ಎಲ್ಲರೂ ಬದಲಿಸಿ, ಆಮೇಲೆ ಎಲ್ಲರ ಬದಲಾವಣೆಗಳನ್ನೂ ಒಟ್ಟಿಗೆ ಹೊಲಿಯೋಣ ಅನ್ನುವುದು ಅದರ ದಾರಿ. ಸಿವಿಎಸ್ ಅನ್ನುವ ಹಳೆಯ ಸಾಫ್ಟ್‌ವೇರಿನಿಂದ ಬಂದ ಪದ್ಧತಿ ಅದು. ಸಾಲು ಸಾಲಾದ ಪ್ರೋಗ್ರಾಂ ಪಠ್ಯಕ್ಕೆ ಇದು ಸೊಗಸು. ಚಿತ್ರ, ಸಿಎಡಿ (ಕಂಪ್ಯೂಟರ್ ಡಿಸೈನ್) ಫೈಲು, ಧ್ವನಿ ಫೈಲು ಇಟ್ಟುಕೊಂಡವರಿಗೆ ಉಪಯೋಗವಿಲ್ಲ, ಯಾಕೆಂದರೆ ಅವನ್ನು ಹೊಲಿಯಲು ಬರುವುದಿಲ್ಲ. 2005ರ 1.2 ಆವೃತ್ತಿಯಲ್ಲಿ ಲಾಕ್ ಸೇರಿಸಿದರು. ಅದರ ಜೊತೆಗೇ "ನೀಡ್ಸ್-ಲಾಕ್" ಅನ್ನುವ ಪ್ರಾಪರ್ಟಿಯೂ (ಫೈಲಿಗೆ ಅಂಟಿಸುವ ಗುರುತು) ಬಂತು. ಯಾವ ಫೈಲಿಗೆ ಇದನ್ನು ಹಾಕುತ್ತೀರೋ ಆ ಫೈಲು ಎಲ್ಲರ ಮಷೀನಿನಲ್ಲೂ ರೀಡ್-ಓನ್ಲಿ ಆಗಿ ಇಳಿಯುತ್ತದೆ. ಲಾಕ್ ಪಡೆದವರ ಪ್ರತಿಯಲ್ಲಿ ಮಾತ್ರ ಬರೆಯಲು ಬಿಡುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ತೆರೆದ ಕೂಡಲೇ ಮೇಲೆ ರೀಡ್-ಓನ್ಲಿ ಅಂತ ಕಾಣುತ್ತದೆ.

ಈ ನೀಡ್ಸ್-ಲಾಕ್ ಇದೆಯಲ್ಲ, ಇದು ಬರೀ ಸೂಚನೆ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು ರೀಡ್-ಓನ್ಲಿ ಟಿಕ್ ತೆಗೆದರೆ ಮುಗಿಯಿತು, ಯಾರು ಬೇಕಾದರೂ ಬದಲಿಸಬಹುದು. ಇನ್ನೂ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ಫೈಲಿಗೆ ಯಾರದ್ದೂ ಲಾಕ್ ಇಲ್ಲದಿದ್ದರೆ, ಹಾಗೆ ಬದಲಿಸಿದ್ದನ್ನು ಸರ್ವರ್ ತಕರಾರಿಲ್ಲದೆ ಒಳಗೆ ಬಿಡುತ್ತದೆ. ಲಾಕ್ ಪಡೆದೇ ಬದಲಿಸಬೇಕು ಅಂತ ಸರ್ವರ್ ತಾನಾಗಿ ಕೇಳುವುದಿಲ್ಲ. ಬೇರೆಯವರ ಲಾಕ್ ಇದ್ದರೆ ಮಾತ್ರ ತಡೆಯುತ್ತದೆ.

ಅಂದರೆ ಒಂದೇ ಸಾಫ್ಟ್‌ವೇರಿನಲ್ಲಿ ಕಡ್ಡಾಯದ ಭಾಗ ತಡವಾಗಿ ಕೆಲಸ ಮಾಡುತ್ತದೆ, ಸೂಚನೆಯ ಭಾಗ ಬೇಗ ಕೆಲಸ ಮಾಡುತ್ತದೆ. ಕಡ್ಡಾಯದ್ದು ಸರ್ವರಿನಲ್ಲಿರುವ ಫೈಲನ್ನು ಕಾಯುತ್ತದೆ, ಸೂಚನೆಯದ್ದು ನಿಮ್ಮ ಸಮಯವನ್ನು ಕಾಯುತ್ತದೆ. ನಿಮಗೆ ನಷ್ಟವಾಗಿದ್ದು ಎರಡನೆಯದು. ನನ್ನ ಅನುಭವದಲ್ಲಿ ಡಿಸೈನ್ ಟೀಮುಗಳಲ್ಲಿ ಜಗಳ ಬಗೆಹರಿಸುವುದು ಈ "ಬರೀ ಸೂಚನೆ"ಯೇ. ಕಡ್ಡಾಯದ ಬೀಗ ಬೇಕು ಅಂತ ಬಂದವರಲ್ಲಿ ಹೆಚ್ಚಿನವರು ನೀಡ್ಸ್-ಲಾಕ್ ಹಾಕಿರುವುದೇ ಇಲ್ಲ. ನೀವೂ ಹಾಕಿಲ್ಲ ಅನ್ನಿಸುತ್ತದೆ, ಪತ್ರದಲ್ಲಿ ಆ ಮಾತೇ ಇಲ್ಲ.

ಇನ್ನು ನಿಮ್ಮ ಆಫೀಸಿನಲ್ಲಿ ಓಡಾಡುತ್ತಿರುವ ಕೆಲವು ಮಾತುಗಳನ್ನು ನೋಡೋಣ.

"ಆಮೇಲೆ ಕಮಿಟ್ ಮಾಡಿದವರು ಹಿಂದಿನವರದನ್ನು ಅಳಿಸಿಬಿಡುತ್ತಾರೆ." ಇಲ್ಲ. ಲಾಕ್ ಇಲ್ಲದಿದ್ದರೂ ಸಬ್‌ವರ್ಷನ್ ಹಳೆಯ ಪ್ರತಿಯ ಮೇಲೆ ಮಾಡಿದ ಕಮಿಟ್ಟನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ನಿಮ್ಮ ಪ್ರತಿ ಹಳೆಯದು, ಮೊದಲು ಅಪ್‌ಡೇಟ್ ಮಾಡಿ ಅನ್ನುತ್ತದೆ. ಆಗ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆಗಳ ಡಿಕ್ಕಿ) ಬಂದು, "ನನ್ನದೇ ಇರಲಿ" ಅಂತ ಒತ್ತಿದರೆ ಹಿಂದಿನವರ ಬದಲಾವಣೆ ಹೊಸ ಆವೃತ್ತಿಯಲ್ಲಿ ಕಾಣುವುದಿಲ್ಲ. ಆದರೂ ಹಿಂದಿನ ರಿವಿಷನ್‌ನಲ್ಲಿ (ಸರ್ವರ್ ಕಾದಿಟ್ಟ ಹಳೆಯ ಆವೃತ್ತಿಯಲ್ಲಿ) ಅದು ಇದ್ದೇ ಇರುತ್ತದೆ. ನಿಮ್ಮ ಎರಡು ದಿನದ ಕೆಲಸವೂ ನೀವು ರಿವರ್ಟ್ ಮಾಡದಿದ್ದರೆ (ಬದಲಾವಣೆ ಬಿಟ್ಟು ಹಳೆಯ ಪ್ರತಿಗೆ ಮರಳದಿದ್ದರೆ) ಡಿಸ್ಕಿನಲ್ಲೇ ಇದೆ. ರಿವರ್ಟ್ ಮಾಡಿದ್ದರೂ ಒಮ್ಮೆ ರೀಸೈಕಲ್ ಬಿನ್ ನೋಡಿ. ಸೆಟ್ಟಿಂಗ್ ಬದಲಿಸದಿದ್ದರೆ ಟಾರ್ಟಾಯ್ಸ್ ನಿಮ್ಮ ಬದಲಾದ ಫೈಲನ್ನು ಅಲ್ಲಿಗೆ ಹಾಕಿಯೇ ಹಳೆಯದನ್ನು ತರುತ್ತದೆ. ಆಮೇಲೆ ಎರಡು ಪಾರ್ಟ್‌ಗಳನ್ನೂ ಪಕ್ಕ ಪಕ್ಕ ತೆರೆದು, ಯಾವ ಫೀಚರ್ ಎಲ್ಲಿ ಬದಲಾಗಿದೆ ಅಂತ ನೋಡಿ ಕೈಯಲ್ಲೇ ಸೇರಿಸಬೇಕು. ಬೇಸರದ ಕೆಲಸ, ಆದರೆ ಮೊದಲಿಂದ ಮಾಡುವುದಕ್ಕಿಂತ ವಾಸಿ.

"ಮುರಿಯೋಕೆ ಆಗುತ್ತೆ ಅಂದ್ರೆ ಅದು ಲಾಕೇ ಅಲ್ಲ." ನಿಮ್ಮ ಮ್ಯಾನೇಜರ್ ಮಾತು ಕೇಳಲು ಚೆನ್ನಾಗಿದೆ. ಆದರೆ ಲಾಕ್ ಹಾಕಿದವರು ಕೆಲಸ ಬಿಟ್ಟು ಹೋದರೆ? ಲ್ಯಾಪ್‌ಟಾಪ್ ಕೆಟ್ಟು ಟೋಕನ್ ಜೊತೆಗೇ ಹೋದರೆ? ಮದುವೆಗೆ ಹೋದವರ ಕತೆ ನೀವೇ ಬರೆದಿದ್ದೀರಿ. ಸಬ್‌ವರ್ಷನ್‌ನಲ್ಲಿ ನೀವು ಹಾಕಿದ ಲಾಕ್ ದಿನ ಕಳೆದಂತೆ ತಾನಾಗಿ ಬಿಟ್ಟುಹೋಗುವುದಿಲ್ಲ, ಹಾಗಾಗಿ ತೆಗೆಯುವ ದಾರಿ ಇರಲೇಬೇಕು. ಇಂಥದ್ದೇ ಬೇರೆ ಸಾಫ್ಟ್‌ವೇರುಗಳಾದ ಪರ್ಫೋರ್ಸ್‌ನಲ್ಲೂ ಇದೆ, ಗಿಟ್ ಎಲ್‌ಎಫ್‌ಎಸ್‌ನಲ್ಲೂ ಇದೆ, ಸಾಲಿಡ್‌ವರ್ಕ್ಸ್‌ನವರದೇ ಫೈಲು ನಿರ್ವಹಣೆಯ ಪಿಡಿಎಂನಲ್ಲೂ ಬೇರೆಯವರ ಚೆಕ್‌ಔಟ್ (ತಿದ್ದಲು ತೆಗೆದುಕೊಂಡಿದ್ದನ್ನು) ರದ್ದು ಮಾಡುವ ಅಧಿಕಾರ ಅಂತ ಒಂದಿದೆ. ಮುರಿಯುವ ಹಕ್ಕು ಯಾರ ಕೈಯಲ್ಲಿ ಇರಬೇಕು ಅನ್ನುವುದಷ್ಟೇ ನೀವು ತೀರ್ಮಾನಿಸಬೇಕಾದದ್ದು. ಸಬ್‌ವರ್ಷನ್ ಹೊಸದಾಗಿ ಹಾಕಿದಾಗ ಆ ಹಕ್ಕು ಬರೆಯುವ ಅನುಮತಿ ಇರುವ ಎಲ್ಲರಿಗೂ ಇರುತ್ತದೆ. ನಿಮ್ಮಲ್ಲಿ 8 ಜನಕ್ಕೂ ಇದೆ.

ಇನ್ನೊಂದು ಗೊಂದಲ. ಟಾರ್ಟಾಯ್ಸ್ ಕೆಲವೊಮ್ಮೆ "ವರ್ಕಿಂಗ್ ಕಾಪಿ ಲಾಕ್ ಆಗಿದೆ, ಕ್ಲೀನಪ್ ಮಾಡಿ" ಅನ್ನುತ್ತದೆ. ಗಿಟ್‌ನವರಿಗೆ "ಇಂಡೆಕ್ಸ್ ಲಾಕ್ ಇದೆ, ಬೇರೆ ಗಿಟ್ ಓಡುತ್ತಿರಬಹುದು" ಅಂತ ಬರುತ್ತದೆ. ಇವೆರಡಕ್ಕೂ ನಾವು ಮಾತಾಡುತ್ತಿರುವ ಲಾಕ್‌ಗೂ ಸಂಬಂಧವಿಲ್ಲ. ನಿಮ್ಮದೇ ಮಷೀನಿನಲ್ಲಿ ಒಂದು ಕೆಲಸ ಅರ್ಧಕ್ಕೆ ನಿಂತಿದೆ ಅಂತ ಮಾತ್ರ ಅರ್ಥ. ಕ್ಲೀನಪ್ ಒತ್ತಿದರೆ ಸಹೋದ್ಯೋಗಿಯ ಲಾಕ್ ಹೋಗುವುದಿಲ್ಲ, ಹೆದರಬೇಡಿ.

ಈಗ ಏನು ಮಾಡಬಹುದು ಅನ್ನುವುದು. ನಾನು ನಿಮ್ಮ ಜಾಗದಲ್ಲಿದ್ದರೆ ಸಬ್‌ವರ್ಷನ್ ಬಿಡುತ್ತಿರಲಿಲ್ಲ. ಮೊದಲು ಪಾರ್ಟ್, ಅಸೆಂಬ್ಲಿ, ಡ್ರಾಯಿಂಗ್ ಮೂರೂ ಬಗೆಯ ಫೈಲುಗಳಿಗೆ ನೀಡ್ಸ್-ಲಾಕ್ ಹಾಕಿ. ಎಕ್ಸೆಲ್‌ನ ಬಿಒಎಂ (ಬಿಡಿಭಾಗಗಳ ಪಟ್ಟಿ) ಇದ್ದರೆ ಅದಕ್ಕೂ. ಬರೀ ಪಠ್ಯದ ಫೈಲುಗಳಿಗೆ ಹಾಕಬೇಡಿ, ಅವನ್ನು ಹೊಲಿಯಲು ಬರುತ್ತದೆ, ಸುಮ್ನೆ ಕ್ಯೂ ನಿಲ್ಲಿಸಿದ ಹಾಗಾಗುತ್ತದೆ. ಮುಂದೆ ಸೇರುವ ಹೊಸ ಫೈಲುಗಳಿಗೂ ತಾನಾಗಿ ಬರಲಿ ಅಂದರೆ, ಸಬ್‌ವರ್ಷನ್ 1.8ರಿಂದ ಈಚೆಗೆ ಮೇಲಿನ ಫೋಲ್ಡರಿನಲ್ಲಿ ಆಟೋ-ಪ್ರಾಪ್ಸ್ ಅಂತ ಒಂದು ಪ್ರಾಪರ್ಟಿ ಇಡಬಹುದು. ಈಗಾಗಲೇ ಇರುವ ಫೈಲುಗಳಿಗೆ ಅದು ತಾಗುವುದಿಲ್ಲ, ಅವಕ್ಕೆ ಒಂದು ಸಲ ಕೈಯಾರೆ ಹಾಕಬೇಕು.

ಇದರಿಂದ ಇನ್ನೊಂದು ಲಾಭವೂ ಇದೆ. ನಿಮ್ಮ ಪ್ರತಿ ಹಳೆಯದಾಗಿದ್ದರೆ ಸರ್ವರ್ ಲಾಕ್ ಕೊಡುವುದೇ ಇಲ್ಲ, ಹೊಸ ಆವೃತ್ತಿ ಇದೆ ಅನ್ನುತ್ತದೆ. ಹಳೆಯ ಡೈ ಪ್ಲೇಟಿನ ಮೇಲೆ ಇಡೀ ದಿನ ಕೆಲಸ ಮಾಡುವುದು ಅಲ್ಲಿಗೇ ತಪ್ಪಿತು.

ಕಿರಿಕಿರಿ ಇಲ್ಲ ಅಂತ ಹೇಳಲಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ಅಸೆಂಬ್ಲಿ ತೆರೆದು ರೀಬಿಲ್ಡ್ ಆದರೆ ಸಾಕು, ನೀವು ಮುಟ್ಟದ ಪಾರ್ಟ್‌ಗಳೂ ಬದಲಾಗಿವೆ ಅಂತ ಸೇವ್ ಮಾಡಲು ಕೇಳುತ್ತದೆ. ಅವು ರೀಡ್-ಓನ್ಲಿ ಇದ್ದಾಗ ಎಚ್ಚರಿಕೆಯ ಕಿಟಕಿಗಳು ಬರುತ್ತವೆ. ಮೊದಲ ವಾರ ಎಲ್ಲರೂ ಬೈಯುತ್ತಾರೆ. ಕೆಲವರು ಆ ಕಾಟ ಬೇಡ ಅಂತ ಇಡೀ ಫೋಲ್ಡರಿನ ಫೈಲುಗಳಿಗೆಲ್ಲ ಲಾಕ್ ಹಾಕಿಕೊಳ್ಳುತ್ತಾರೆ. ಇದನ್ನು ಮೊದಲ ದಿನವೇ ತಡೆಯಿರಿ. ಬದಲಿಸುವ ಫೈಲಿಗೆ ಮಾತ್ರ ಲಾಕ್, ಉಳಿದವನ್ನು ಸೇವ್ ಮಾಡಬೇಕಾಗಿಲ್ಲ.

ಎರಡನೆಯ ಹೆಜ್ಜೆ, ಮುರಿಯುವ ಹಕ್ಕಿಗೆ ಬೇಲಿ. ಸರ್ವರಿನಲ್ಲಿ ಹುಕ್ ಅಂತ ಚಿಕ್ಕ ಸ್ಕ್ರಿಪ್ಟುಗಳನ್ನು ಇಡಬಹುದು. ಲಾಕ್ ಕೊಡುವ ಮುಂಚೆ ಓಡುವುದು ಪ್ರೀ-ಲಾಕ್. ಬೇರೆಯವರ ಲಾಕ್ ಇರುವಾಗ ಕಿತ್ತುಕೊಳ್ಳಲು ಬಂದರೆ ಇದು ಬೇಡ ಅನ್ನಬಹುದು. ಇಲ್ಲೊಂದು ಸಂದು ಇದೆ. ಬಹಳ ಕಡೆ ಪ್ರೀ-ಲಾಕ್ ಮಾತ್ರ ಹಾಕಿ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಆಗ ಜಾಣರು ಮೊದಲು ನಿಮ್ಮ ಲಾಕ್ ಮುರಿಯುತ್ತಾರೆ, ಆಮೇಲೆ ಹೊಸದಾಗಿ ತಮ್ಮ ಲಾಕ್ ಹಾಕುತ್ತಾರೆ. ಕಿತ್ತುಕೊಳ್ಳಲಿಲ್ಲವಲ್ಲ, ಪ್ರೀ-ಲಾಕ್‌ಗೆ ತಕರಾರಿಲ್ಲ. ಅದಕ್ಕೆ ಪ್ರೀ-ಅನ್‌ಲಾಕ್ ಹುಕ್ಕನ್ನೂ ಇಡಬೇಕು. ಎರಡರಲ್ಲೂ ಇಬ್ಬರ ಹೆಸರಿಗೆ ಮಾತ್ರ ಬಿಡಿ: ಡಿಸೈನ್ ಹೆಡ್ ಮತ್ತು ಇನ್ನೊಬ್ಬ ಹಿರಿಯರು. ಒಬ್ಬರೇ ಇದ್ದರೆ ಅವರು ರಜೆ ಹೋದ ದಿನ ಮತ್ತೆ ಕೈಕಟ್ಟಿ ಕೂರಬೇಕಾಗುತ್ತದೆ. ಪೋಸ್ಟ್-ಲಾಕ್ ಮತ್ತು ಪೋಸ್ಟ್-ಅನ್‌ಲಾಕ್ ಹುಕ್‌ಗಳಿಂದ ಟೀಮಿನ ಎಲ್ಲರಿಗೂ ತಕ್ಷಣ ಮೇಲ್ ಹೋಗುವ ಹಾಗೆ ಮಾಡಿ. ನಿಮಗೆ ಆ ದಿನ ಅಂಥ ಒಂದು ಮೇಲ್ ಬಂದಿದ್ದರೆ ಮುಂದಿನ ಕೆಲಸ ನಿಲ್ಲಿಸಿ ಮಾತಾಡುತ್ತಿದ್ದಿರಿ, ಅಲ್ವಾ?

ಇದಕ್ಕೆಲ್ಲ ಒಂದು ಷರತ್ತಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರಬೇಕು. ಚಿಕ್ಕ ಕಂಪನಿಗಳಲ್ಲಿ "ಡಿಸೈನ್" ಅಂತ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಎಲ್ಲರೂ ಬಳಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಫೈಲಿಗೆ ಲಾಕ್ ಹಾಕಿದವರು ಯಾರು ಅಂದರೆ "ಡಿಸೈನ್" ಅಂತ ಬರುತ್ತದೆ. ಯಾರನ್ನು ಕೇಳುತ್ತೀರಿ? ಸ್ಕ್ರಿಪ್ಟಿಗೂ ಯಾರನ್ನು ಬಿಡಬೇಕು ಅಂತ ತಿಳಿಯುವುದಿಲ್ಲ.

ಮೂರನೆಯ ದಾರಿ ಪೂರ್ತಿ ಕಡ್ಡಾಯ. ಪ್ರೀ-ಕಮಿಟ್ ಹುಕ್ಕಿನಲ್ಲಿ, ಬದಲಾದ ಸಿಎಡಿ ಫೈಲಿಗೆ ಕಮಿಟ್ ಮಾಡುತ್ತಿರುವವರ ಲಾಕ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ವಾಪಸ್ ಕಳಿಸುವುದು. ರೀಡ್-ಓನ್ಲಿ ಟಿಕ್ ತೆಗೆಯುವವರ ಆಟ ಇಲ್ಲಿಗೆ ನಿಲ್ಲುತ್ತದೆ. ಆದರೆ ಹೊಸದಾಗಿ ಸೇರಿಸುವ ಫೈಲಿಗೆ ಲಾಕ್ ಇರಲು ಸಾಧ್ಯವೇ ಇಲ್ಲ, ಅದನ್ನು ಸ್ಕ್ರಿಪ್ಟ್ ಬಿಡಬೇಕು. ಅದನ್ನು ಮರೆತು ಬರೆದ ಸ್ಕ್ರಿಪ್ಟಿನಿಂದ ಇಡೀ ಟೀಮಿಗೆ ಹೊಸ ಪಾರ್ಟ್ ಸೇರಿಸಲು ಆಗದೆ ಕೂತಿದ್ದ ಒಂದು ಕಂಪನಿ ನೋಡಿದ್ದೇನೆ. ಈ ಸ್ಕ್ರಿಪ್ಟನ್ನು ಅರ್ಥ ಮಾಡಿಕೊಂಡವರು ನಿಮ್ಮಲ್ಲಿ ಒಬ್ಬರಾದರೂ ಇಲ್ಲದಿದ್ದರೆ ಈ ಹೆಜ್ಜೆಗೆ ಕೈ ಹಾಕಬೇಡಿ. ನೀಡ್ಸ್-ಲಾಕ್ ಹಾಕಿ ಕೆಲವು ತಿಂಗಳು ನೋಡಿ, ಟಿಕ್ ತೆಗೆಯುವ ಚಾಳಿ ನಿಜವಾಗಿ ಇದ್ದರೆ ಮಾತ್ರ ಯೋಚಿಸಿ.

ಮದುವೆಗೆ ಹೋದವರ ಸಮಸ್ಯೆಗೆ ಸ್ಕ್ರಿಪ್ಟ್ ಬೇಕಿಲ್ಲ. ಲಾಕ್ ಹಾಕುವಾಗ ಒಂದು ಸಾಲು ಬರೆಯಲು ಜಾಗ ಇರುತ್ತದೆ. "ಪಂಚ್ ಕ್ಲಿಯರೆನ್ಸ್ ತಿದ್ದುತ್ತಿದ್ದೇನೆ, ಗುರುವಾರದವರೆಗೆ" ಅಂತ ಬರೆದರೆ ಬೇರೆಯವರಿಗೆ ಲೆಕ್ಕ ಸಿಗುತ್ತದೆ. ಖಾಲಿ ಬಿಡುವುದೇ ಜನರ ಅಭ್ಯಾಸ, ಅದಕ್ಕೆ ಟಾರ್ಟಾಯ್ಸ್‌ನಲ್ಲಿ ಲಾಕ್ ಸಂದೇಶ ಕನಿಷ್ಠ ಇಷ್ಟು ಅಕ್ಷರ ಇರಲೇಬೇಕು ಅಂತ ಒಂದು ಪ್ರಾಪರ್ಟಿ ಇಡಬಹುದು. ಸರ್ವರ್ ನೋಡಿಕೊಳ್ಳುವವರು ವಾರಕ್ಕೊಮ್ಮೆ ಎಲ್ಲ ಲಾಕ್‌ಗಳ ಪಟ್ಟಿ ತೆಗೆದರೆ ಹಳೆಯವು ಎದ್ದು ಕಾಣುತ್ತವೆ. ಇನ್ನೊಂದು: ಕಮಿಟ್ ಮಾಡಿದಾಗ, ಆ ಕಮಿಟ್‌ನ ವ್ಯಾಪ್ತಿಯಲ್ಲಿರುವ ನಿಮ್ಮ ಲಾಕ್‌ಗಳೆಲ್ಲ ಬಿಟ್ಟುಹೋಗುತ್ತವೆ, ಬದಲಾಗದ ಫೈಲಿನದ್ದೂ ಸೇರಿ. ಇದು ಬೇಕೆಂದೇ ಇಟ್ಟ ನಡವಳಿಕೆ, ಒಳ್ಳೆಯದೇ. ಟಾರ್ಟಾಯ್ಸ್‌ನ ಕಮಿಟ್ ಕಿಟಕಿಯಲ್ಲಿ "ಲಾಕ್ ಇಟ್ಟುಕೊಳ್ಳಿ" ಅನ್ನುವ ಟಿಕ್ ಇದೆ. ಅದನ್ನು ಯಾವಾಗಲೂ ಹಾಕಿಯೇ ಇಡುವವರಿಂದಲೇ ಲಾಕ್‌ಗಳು ತಿಂಗಳುಗಟ್ಟಲೆ ಉಳಿಯುವುದು.

ಗಿಟ್‌ಗೆ ಹೋಗಬೇಕಾ? ಲಾಕ್‌ಗೋಸ್ಕರ ಅಂದರೆ ಬೇಡ. ಗಿಟ್‌ನ ಒಳಗೆ ಫೈಲ್ ಲಾಕ್ ಅನ್ನುವುದೇ ಇಲ್ಲ. ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಭಂಡಾರ ಇರುವಾಗ ಯಾರು ಯಾರನ್ನು ತಡೆಯುವುದು? ದೊಡ್ಡ ಫೈಲುಗಳಿಗೆ ಅಂತ ಮಾಡಿದ ಗಿಟ್ ಎಲ್‌ಎಫ್‌ಎಸ್‌ನಲ್ಲಿ 2017ರ 2.0 ಆವೃತ್ತಿಯಿಂದ ಲಾಕ್ ಬಂದಿದೆ. ಅಲ್ಲೂ ಲಾಕ್ ಬೇಕಾದ ಫೈಲು ಅಂತ ಗುರುತು ಮಾಡಿದರೆ ರೀಡ್-ಓನ್ಲಿ ಆಗುತ್ತದೆ, ಆ ಮಟ್ಟಿಗೆ ನೀಡ್ಸ್-ಲಾಕ್ ಇದ್ದ ಹಾಗೆಯೇ. ಆದರೆ ಬೇರೆಯವರ ಲಾಕ್ ಇದೆಯಾ ಅಂತ ಪರೀಕ್ಷೆ ಮಾಡುವುದು ಪುಶ್ ಮಾಡುವವರದೇ (ಬದಲಾವಣೆಯನ್ನು ಸರ್ವರಿಗೆ ಕಳಿಸುವವರದೇ) ಮಷೀನಿನಲ್ಲಿರುವ ಹುಕ್. ಪುಶ್ ಆಜ್ಞೆಗೆ "ನೋ-ವೆರಿಫೈ" ಸೇರಿಸಿದರೆ ಆ ಹುಕ್ ಓಡುವುದೇ ಇಲ್ಲ. ಸರ್ವರ್ ತಾನೂ ತಡೆಯುವ ಏರ್ಪಾಡು ಇದ್ದರೆ ಬೇರೆ ಮಾತು. ಗಿಟ್‌ಲ್ಯಾಬ್ ಅನ್ನುವ ಗಿಟ್ ಸರ್ವರಿನ ಹಣ ಕೊಟ್ಟು ಪಡೆಯುವ ಆವೃತ್ತಿಗಳಲ್ಲಿ ಮುಖ್ಯ ಬ್ರಾಂಚಿಗೆ (ಕೆಲಸದ ಮುಖ್ಯ ಕವಲಿಗೆ) ಅಂಥದ್ದಿದೆ. ನಿಮ್ಮ ಸಾಫ್ಟ್‌ವೇರ್ ಟೀಮಿಗೆ ಗಿಟ್ ಸರಿಯಾದ ಆಯ್ಕೆ. ಹೊಲಿಯಲು ಬಾರದ ಫೈಲುಗಳ ಜೊತೆ ಬದುಕುವ ನಿಮಗೆ ಈಗ ಇರುವುದಕ್ಕಿಂತ ಸಡಿಲವಾದ ಬೀಗ ಸಿಕ್ಕಂತಾಗುತ್ತದೆ.

ಹಣ ಹಾಕಲು ಕಂಪನಿ ತಯಾರಿದ್ದರೆ ಎರಡು ದಾರಿ ಇವೆ. ಪರ್ಫೋರ್ಸ್‌ನಲ್ಲಿ ಫೈಲಿನ ಬಗೆಗೆ "ಪ್ಲಸ್ ಎಲ್" ಅಂತ ಸೇರಿಸಿದರೆ, ಒಬ್ಬರು ತಿದ್ದಲು ತೆಗೆದುಕೊಂಡಾಗ ಇನ್ನೊಬ್ಬರಿಗೆ ಸರ್ವರ್ ಕೊಡುವುದೇ ಇಲ್ಲ. ಬೇಗವೂ ಹೌದು, ಕಡ್ಡಾಯವೂ ಹೌದು. ಗೇಮ್ ಸ್ಟುಡಿಯೋಗಳು ಅದನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಎರಡನೆಯದು ಸಾಲಿಡ್‌ವರ್ಕ್ಸ್ ಪಿಡಿಎಂ. ನಿಮ್ಮ ಲೈಸೆನ್ಸ್ ಪ್ರೊಫೆಷನಲ್ ಅಥವಾ ಪ್ರೀಮಿಯಂ ಆಗಿದ್ದರೆ ಪಿಡಿಎಂ ಸ್ಟ್ಯಾಂಡರ್ಡ್ ಅದರ ಜೊತೆಗೇ ಬರುತ್ತದೆ, ಒಮ್ಮೆ ನಿಮ್ಮ ಡೀಲರನ್ನು ಕೇಳಿ ನೋಡಿ. ಯಾವ ಅಸೆಂಬ್ಲಿ ಯಾವ ಪಾರ್ಟ್ ಬಳಸುತ್ತದೆ ಅನ್ನುವುದು ಅದಕ್ಕೆ ಗೊತ್ತು, ಸಬ್‌ವರ್ಷನ್‌ಗೆ ಗೊತ್ತಿಲ್ಲ. ಆದರೆ ಹಳೆಯ ರಿವಿಷನ್‌ಗಳ ಇತಿಹಾಸವನ್ನು ಅಲ್ಲಿಗೆ ಸಾಗಿಸುವುದು ದೊಡ್ಡ ಕೆಲಸ. ನಡೆಯುತ್ತಿರುವ ಪ್ರಾಜೆಕ್ಟಿನ ಮಧ್ಯೆ ಮಾಡಬೇಡಿ.

ಸಬ್‌ವರ್ಷನ್‌ನಲ್ಲೇ ಮುಂದುವರಿದರೆ ಒಂದು ಪ್ರಾಜೆಕ್ಟಿನ ಫೋಲ್ಡರಿನಿಂದ ಶುರು ಮಾಡಿ. ನೀಡ್ಸ್-ಲಾಕ್ ಹಾಕುವುದೂ ಒಂದು ಕಮಿಟ್ಟೇ, ಆ ಫೋಲ್ಡರಿನ ಅಷ್ಟೂ ಸಿಎಡಿ ಫೈಲುಗಳನ್ನು ಮುಟ್ಟುತ್ತದೆ. ಯಾರದ್ದಾದರೂ ಲಾಕ್ ಒಂದು ಫೈಲಿನ ಮೇಲೆ ಉಳಿದಿದ್ದರೂ ಇಡೀ ಕಮಿಟ್ ಬಿದ್ದುಹೋಗುತ್ತದೆ. ಹಾಗಾಗಿ ಶನಿವಾರ ಸಂಜೆ ಎಲ್ಲರೂ ತಮ್ಮ ಕೆಲಸ ಕಮಿಟ್ ಮಾಡಿ, ಲಾಕ್ ಬಿಟ್ಟು ಹೋಗಲಿ. ಸರ್ವರಿನಲ್ಲಿ ಪಟ್ಟಿ ತೆಗೆದು ಖಾಲಿ ಇದೆ ಅಂತ ನೋಡಿಕೊಂಡು ಪ್ರಾಪರ್ಟಿ ಹಾಕಿ. ಸೋಮವಾರ ಬೆಳಿಗ್ಗೆ ಸಾಲಿಡ್‌ವರ್ಕ್ಸ್ ತೆರೆಯುವ ಮುಂಚೆ 8 ಮಷೀನಿನಲ್ಲೂ ಅಪ್‌ಡೇಟ್ ಆಗಬೇಕು. ಅಪ್‌ಡೇಟ್ ಆಗದ ಮಷೀನಿನಲ್ಲಿ ಫೈಲು ರೀಡ್-ಓನ್ಲಿ ಆಗಿರುವುದಿಲ್ಲ.